ತೂಕ ಇಳಿಯುತ್ತಿತ್ತು, ಎಸ್‌ಜಿಪಿಟಿ ಏರುತ್ತಿತ್ತು: ಉಪ್ಪಾಗೆ ಕ್ಯಾಪ್ಸೂಲಿನ ಒಂದು ಪ್ರಕರಣ

ನಾನು ಆಹಾರ ಸಲಹೆ ಕೊಡುವ ಕ್ಲಿನಿಕ್ಕಿಗೆ ಬಂದ ಒಬ್ಬ ಹೆಂಗಸಿನ ಪ್ರಕರಣ ಇದು. ಊರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ತೂಕ ಇಳಿಸಲು 'ಗಿಡಮೂಲಿಕೆ' ಡಬ್ಬಿ ಕೊಳ್ಳುವವರು ಮತ್ತು ಅಂಥವರನ್ನು ನೋಡುವ ನರ್ಸ್, ಫಾರ್ಮಸಿಸ್ಟ್, ಡಯಟಿಷಿಯನ್‌ಗಳು, ಇಬ್ಬರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಹಿನ್ನೆಲೆ

ವಯಸ್ಸು ನಲವತ್ತು ದಾಟಿದೆ. ಮಲೆನಾಡಿನ ಒಂದು ಪೇಟೆಯಲ್ಲಿ ಕೂತು ಮಾಡುವ ಕೆಲಸ. ಥೈರಾಯ್ಡ್‌ಗೆ ದಿನಾ ಒಂದು ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ, ಕುಡಿತ ಇಲ್ಲ. ವರ್ಷದ ಚೆಕಪ್‌ನಲ್ಲಿ ತೂಕ 74.5 ಕಿಲೋ ಬಂತು. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಒಂದನೇ ಗ್ರೇಡ್. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವವಾದ ಎಸ್‌ಜಿಪಿಟಿ 52, ಆ ಲ್ಯಾಬಿನ ಮೇಲ್ಮಿತಿ 40. ಡಾಕ್ಟ್ರು ಹೇಳಿದ್ದು ಎಲ್ಲರಿಗೂ ಹೇಳುವುದನ್ನೇ: ತೂಕ ಇಳಿಸಿ, ಆರು ತಿಂಗಳು ಬಿಟ್ಟು ನೋಡೋಣ.

ಹೇಗೆ ಇಳಿಸಬೇಕು ಅಂತ ಹೇಳಿದವರು ಮಾತ್ರ ಓರಗಿತ್ತಿ. ಅವರು ಒಂದು ಕಂಪನಿಯ ಸದಸ್ಯೆ, ಮನೆಯಿಂದಲೇ ಡಬ್ಬಿ ಮಾರುತ್ತಾರೆ. "ಕೆಮಿಕಲ್ ಅಲ್ಲ ಮಾರಾಯ್ತಿ, ನಮ್ಮ ಉಪ್ಪಾಗೆಯೇ" ಅಂದರಂತೆ. ಆ ಒಂದು ಮಾತು ಸಾಕಾಯಿತು. ಈಕೆಯ ತವರು ಉತ್ತರ ಕನ್ನಡದ ಕಡೆ. ಮಳೆಗಾಲದಲ್ಲಿ ಕಾಡಿನಿಂದ ಹಣ್ಣು ತಂದು, ಬಿಸಿಲು ಸಿಗದ್ದಕ್ಕೆ ಬೆಂಕಿಯ ಮೇಲೆ ಅಟ್ಟ ಕಟ್ಟಿ ಸಿಪ್ಪೆ ಒಣಗಿಸುವುದನ್ನು ನೋಡುತ್ತಲೇ ಬೆಳೆದವರು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ತಿಂದವರು. ಕೊಡಗಿನಲ್ಲಿ ಪಂದಿಕರಿಗೆ ಹಾಕುವ ಕಾಚಂಪುಳಿ, ಕೇರಳದವರು ಮೀನಿಗೆ ಹಾಕುವ ಕುಡಂಪುಳಿ, ಎಲ್ಲ ಇದೇ ಮರದ್ದು. ಇಂಥ ಹುಳಿಗೆ ಯಾರು ಹೆದರುತ್ತಾರೆ?

ಓರಗಿತ್ತಿ ಹೇಳಿದ್ದು ಸುಳ್ಳೂ ಅಲ್ಲ. ಈ ಹಣ್ಣಿನ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅಂದರೆ ಎಚ್‌ಸಿಎ, ಎಂದು 1965ರಲ್ಲಿ ಪ್ರಕಟಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ಆಮೇಲೆ ಅಮೆರಿಕದಲ್ಲಿ ಲೋವೆನ್‌ಸ್ಟೀನ್ ಅವರ ಪ್ರಯೋಗಾಲಯ ಇದರ ಕೆಲಸ ಏನು ಅಂತ ತೋರಿಸಿತು. ನಾವು ಜಾಸ್ತಿ ಅನ್ನ, ಸಕ್ಕರೆ ತಿಂದಾಗ ಅದರಲ್ಲಿ ಸ್ವಲ್ಪ ಭಾಗ ಜೀವಕೋಶದೊಳಗೆ ಸಿಟ್ರೇಟ್ ಆಗಿ, ಆಮೇಲೆ ಕೊಬ್ಬಾಗುತ್ತದೆ. ಆ ಸಿಟ್ರೇಟನ್ನು ಕತ್ತರಿಸಿ ಕೊಬ್ಬಿನ ಕಚ್ಚಾವಸ್ತು ಮಾಡಿಕೊಡುವ ಕಿಣ್ವ ಎಟಿಪಿ ಸಿಟ್ರೇಟ್ ಲಯೇಸ್. ಎಚ್‌ಸಿಎ ಅದನ್ನು ತಡೆಯುತ್ತದೆ. ಇಲಿಗಳಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡಿತು. 90ರ ದಶಕದಲ್ಲಿ ಅಮೆರಿಕದ ತೂಕ ಇಳಿಸುವ ಮಾತ್ರೆಗಳಿಗೆ ಬೇಡಿಕೆ ಎದ್ದು, ನಮ್ಮ ಪಶ್ಚಿಮ ಘಟ್ಟದ ಸಿಪ್ಪೆಗೆ ಒಮ್ಮೆಲೇ ದುಡ್ಡು ಬಂತು. ಬಲಿಯುವ ಮೊದಲೇ ಕಾಯಿ ಕೊಯ್ಯುವುದು, ಒಣಗಿಸಲು ರಾಶಿ ರಾಶಿ ಸೌದೆ ಉರಿಸುವುದು ಎಲ್ಲ ಶುರುವಾಯಿತು. ಅದು ಬೇರೆಯದೇ ಕಥೆ, ಬಿಡಿ.

ಮನುಷ್ಯರಲ್ಲಿ ಮಾತ್ರ ಲೆಕ್ಕ ಹಾಗೆ ಕೂಡಿಬರಲಿಲ್ಲ. 1998ರಲ್ಲಿ ಅಮೆರಿಕದ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಹೇಮ್ಸ್‌ಫೀಲ್ಡ್ ತಂಡದ ಅಧ್ಯಯನದಲ್ಲಿ 135 ಜನರಿಗೆ 12 ವಾರ ಒಂದೇ ರೀತಿಯ ಪಥ್ಯ ಕೊಟ್ಟು, ಅರ್ಧ ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟರು. ಎಚ್‌ಸಿಎ ತಿಂದವರು ಸರಾಸರಿ 3.2 ಕಿಲೋ ಇಳಿದರು. ಹುಸಿ ಮಾತ್ರೆಯವರು 4.1 ಕಿಲೋ! ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ, ಆದರೂ ಯಾವ ಕಡೆಗಿದೆ ನೋಡಿ. 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಲಾಭ ಸುಮಾರು 0.88 ಕಿಲೋ. ಕಟ್ಟುನಿಟ್ಟಾಗಿ ಮಾಡಿದ ಪ್ರಯೋಗಗಳನ್ನಷ್ಟೇ ಇಟ್ಟುಕೊಂಡರೆ ಅದೂ ನಿಲ್ಲಲಿಲ್ಲ.

ಒಂದು ಕಾರಣ ಗೊತ್ತಿರುವಂಥದ್ದೇ. ಸಾಮಾನ್ಯ ಊಟ ಮಾಡುವ ಮನುಷ್ಯರಲ್ಲಿ ಮೈಗೆ ಸೇರುವ ಕೊಬ್ಬು ಬಹುಪಾಲು ತಿಂದ ಎಣ್ಣೆ, ತುಪ್ಪದಿಂದಲೇ ಬರುತ್ತದೆ. ಸಕ್ಕರೆಯಿಂದ ಹೊಸದಾಗಿ ತಯಾರಾಗುವ ಕೊಬ್ಬು ಕಡಿಮೆ. ಸಣ್ಣ ಬಾಗಿಲು ಮುಚ್ಚಿದರೆ ಸಣ್ಣ ಲಾಭ, ಅಷ್ಟೇ. ಇನ್ನೊಂದು ಸಂಗತಿ ನನಗೆ ಯಾವಾಗಲೂ ಕುತೂಹಲ ಹುಟ್ಟಿಸುತ್ತದೆ. ಇದೇ ಕಿಣ್ವವನ್ನು ಲಿವರಿನಲ್ಲಿ ತಡೆಯುವ ನಿಜವಾದ ಔಷಧಿಯೊಂದಿದೆ, ಬೆಂಪೆಡೋಯಿಕ್ ಆಮ್ಲ. 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಕೊಲೆಸ್ಟ್ರಾಲ್‌ಗೆ ಬರೆಯುತ್ತಾರೆ, ತೂಕಕ್ಕೆ ಅಲ್ಲ.

ಡಬ್ಬಿಯೊಳಗೆ ಏನಿತ್ತು

ದಿನಕ್ಕೆ ನಾಲ್ಕು ಕ್ಯಾಪ್ಸೂಲ್, ಬೆಳಿಗ್ಗೆ ಎರಡು, ರಾತ್ರಿ ಎರಡು, ಊಟಕ್ಕೆ ಮೊದಲು. ಲೇಬಲ್ ಪ್ರಕಾರ ಒಂದೊಂದರಲ್ಲಿ ಗಾರ್ಸಿನಿಯಾ (ಉಪ್ಪಾಗೆಯ ಸಸ್ಯಶಾಸ್ತ್ರದ ಹೆಸರು) ಸಾರ 500 ಮಿಲಿಗ್ರಾಂ, ಅದರಲ್ಲಿ ಎಚ್‌ಸಿಎ 60 ಶೇಕಡಾ. ಹಸಿರು ಚಹಾದ ಸಾರ 250 ಮಿಲಿಗ್ರಾಂ. ಕರಿಮೆಣಸಿನ ಪೈಪರಿನ್ 5 ಮಿಲಿಗ್ರಾಂ. ಅಂದರೆ ದಿನಕ್ಕೆ 1200 ಮಿಲಿಗ್ರಾಂ ಎಚ್‌ಸಿಎ.

ಅಡುಗೆಮನೆಯ ಲೆಕ್ಕಕ್ಕೆ ತನ್ನಿ. ಒಣ ಸಿಪ್ಪೆಯಲ್ಲಿ ಎಚ್‌ಸಿಎ ಸುಮಾರು 10ರಿಂದ 30 ಶೇಕಡಾ ಇರುತ್ತದೆ. ಈ 1200 ಮಿಲಿಗ್ರಾಂ ಬೇಕಾದರೆ ಒಬ್ಬರೇ ದಿನಾ 4ರಿಂದ 12 ಗ್ರಾಂ ಒಣ ಸಿಪ್ಪೆ ತಿನ್ನಬೇಕು, ಭಾನುವಾರವೂ ಸೇರಿ. ಮನೆಯಲ್ಲಿ ಎರಡು ಮೂರು ಸಿಪ್ಪೆ ಒಂದು ಪಾತ್ರೆ ಸಾರಿಗೆ ಬೀಳುತ್ತದೆ, ಆ ಸಾರನ್ನು ಇಡೀ ಮನೆ ಉಣ್ಣುತ್ತದೆ, ಸಿಪ್ಪೆ ತಟ್ಟೆಯ ಬದಿಗೆ ಹೋಗುತ್ತದೆ. ಹಸಿರು ಚಹಾದ ಸಾರವೂ ಲೋಟದ ಚಹಾ ಅಲ್ಲ. ಪೈಪರಿನ್ ಹಾಕುವುದು ರುಚಿಗಂತೂ ಅಲ್ಲವೇ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದಂತೆ, ಅರಿಶಿನದ ಅಂಶವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು 20 ಪಟ್ಟು ಜಾಸ್ತಿಯಾಯಿತು. ಅಲ್ಲಿಂದ ಮುಂದೆ ಎಲ್ಲ ಡಬ್ಬಿಗೂ ಒಂದು ಚಿಟಿಕೆ ಪೈಪರಿನ್ ಬಂದು ಕೂತಿತು.

ಡಬ್ಬಿಯ ಜೊತೆ ಒಂದು ಹಾಳೆಯೂ ಬಂತು, 'ಡಯಟ್ ಚಾರ್ಟ್'. ಇದನ್ನು ನೆನಪಿಟ್ಟುಕೊಳ್ಳಿ. ಚಹಾಕ್ಕೆ ಸಕ್ಕರೆ ಬೇಡ, ಬೇಕರಿ ತಿಂಡಿ ಬೇಡ, ರಾತ್ರಿ ಅನ್ನ ಅರ್ಧ, ದಿನಾ ಅರ್ಧ ಗಂಟೆ ನಡಿಗೆ. 'ಇದನ್ನು ಪಾಲಿಸದಿದ್ದರೆ ಫಲಿತಾಂಶ ಸಿಗದು' ಎಂದು ಕೊನೆಯಲ್ಲಿ ಅಚ್ಚು ಹಾಕಿತ್ತು.

ಸಮಸ್ಯೆ

ಎಂಟು ವಾರ ಎಲ್ಲ ಚೆನ್ನಾಗಿತ್ತು. ರವಿಕೆ ಸಡಿಲಾಯಿತು, ಆಫೀಸಿನಲ್ಲಿ ಎಲ್ಲರೂ ಕೇಳಿದರು. ಓರಗಿತ್ತಿಗೆ ಇಬ್ಬರು ಹೊಸ ಗಿರಾಕಿ ಸಿಕ್ಕರು.

ಒಂಬತ್ತನೇ ವಾರದ ಹೊತ್ತಿಗೆ ಹಸಿವು ಹೋಯಿತು. ಊಟದ ವಾಸನೆಗೇ ಹೊಟ್ಟೆ ತೊಳಸುವುದು, ಮಧ್ಯಾಹ್ನದ ಮೇಲೆ ಕೂರಲಾಗದಷ್ಟು ಸುಸ್ತು. ಈ ಪ್ರಕರಣದ ಮೊದಲ ತಿರುವು ಇದು, ಮತ್ತು ಆಗ ಯಾರೂ ಇದನ್ನು ತಿರುವು ಎಂದು ಗುರುತಿಸಲಿಲ್ಲ. ಡಬ್ಬಿಯ ಮೇಲೆಯೇ 'ಹಸಿವು ಕಡಿಮೆ ಮಾಡುತ್ತದೆ' ಎಂದು ಬರೆದಿತ್ತಲ್ಲ! ಓರಗಿತ್ತಿಗೆ ಫೋನ್ ಮಾಡಿದರೆ, "ಈಗ ಸರಿಯಾಗಿ ಕೆಲಸ ಶುರುವಾಯ್ತು ನೋಡು, ಒಳಗಿನ ಕಲ್ಮಶ ಹೊರಗೆ ಹೋಗ್ತಿದೆ, ನಿಲ್ಲಿಸಬೇಡ" ಎಂಬ ಉತ್ತರ ಬಂತು. ಲಿವರ್‌ಗೆ ಪೆಟ್ಟು ಬಿದ್ದಾಗ ಮೊದಲು ಕಾಣುವ ಲಕ್ಷಣ ಇದೇ, ಹಸಿವಿಲ್ಲದಿರುವುದು ಮತ್ತು ಸುಸ್ತು. ಅಪಾಯದ ಗುರುತನ್ನೇ ಲಾಭದ ಗುರುತು ಎಂದು ಮಾರಿದರೆ ಜನ ನಿಲ್ಲಿಸಬೇಕಾದ ಹೊತ್ತಿನಲ್ಲಿ ಇನ್ನಷ್ಟು ಶ್ರದ್ಧೆಯಿಂದ ನುಂಗುತ್ತಾರೆ. ನನಗೆ ಅತಿ ಹೆಚ್ಚು ಸಿಟ್ಟು ಬರಿಸಿದ ಭಾಗ ಇದು.

ಹನ್ನೆರಡನೇ ವಾರ ಸುಸ್ತು ತಡೆಯಲಾಗದೆ ಕ್ಲಿನಿಕ್ಕಿಗೆ ಬಂದರು. ತೂಕ 70.9. ರಕ್ತದ ವರದಿ ಸಂಜೆ ಬಂತು: ಎಸ್‌ಜಿಪಿಟಿ 268, ಅಂಥದ್ದೇ ಇನ್ನೊಂದು ಕಿಣ್ವ ಎಸ್‌ಜಿಒಟಿ 174, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ 1.6, ಮೂರೂ ಜಾಸ್ತಿ. ಪಿತ್ತನಾಳದ ತೊಂದರೆಯಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್ ಮಾಮೂಲಿ.

ಕಾರಣ ಹುಡುಕಿದ್ದು

ಹಳೆಯ ಫೈಲಿನಲ್ಲಿ 'ಫ್ಯಾಟಿ ಲಿವರ್' ಎಂದು ಇದ್ದಿದ್ದರಿಂದ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಯಿತು. ಫ್ಯಾಟಿ ಲಿವರ್ ಇದೆ, ಎಸ್‌ಜಿಪಿಟಿ ಏರಿದೆ, ಸರಿಹೋಯ್ತಲ್ಲ? ಡಾಕ್ಟ್ರು ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ಇದು ಉಲ್ಟಾ ಇದೆ ಅಂದರು. ಫ್ಯಾಟಿ ಲಿವರ್ ಇರುವವರು ಮೂರೂವರೆ ಕಿಲೋ ಇಳಿದರೆ ಎಸ್‌ಜಿಪಿಟಿಯೂ ಇಳಿಯಬೇಕು. ಇಲ್ಲಿ ತೂಕ ಇಳಿದಿದೆ, ಎಸ್‌ಜಿಪಿಟಿ ಐದು ಪಟ್ಟಾಗಿದೆ. ಬರೀ ಫ್ಯಾಟಿ ಲಿವರಿನಿಂದ ಇಷ್ಟು ಏರುವುದೂ ಅಪರೂಪ. ಈ ಪ್ರಕರಣದಲ್ಲಿ ಒಂದೇ ಒಂದು ನಿರ್ಧಾರ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ, ಇವತ್ತಿನ ಅಂಕಿಯನ್ನು ಮಾತ್ರ ನೋಡದೆ ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ನೋಡಿದ್ದು.

"ಏನಾದರೂ ಔಷಧಿ ತಗೋತಿದ್ದೀರಾ?"

"ಥೈರಾಯ್ಡ್ ಮಾತ್ರೆ ಒಂದೇ ಡಾಕ್ಟ್ರೇ."

ಇದು ಸುಳ್ಳಲ್ಲ. ಅವರ ಮನಸ್ಸಿನಲ್ಲಿ ಕ್ಯಾಪ್ಸೂಲ್ ಔಷಧಿಯೇ ಅಲ್ಲ. ಕಾನೂನಿನ ಪ್ರಕಾರವೂ ಅಲ್ಲ ಅನ್ನಿ. ನಮ್ಮ ದೇಶದಲ್ಲಿ ಇಂಥವು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದಡಿ ಬರುತ್ತವೆ, ಅಂದರೆ ಆಹಾರದ ಲೆಕ್ಕ. ಡಬ್ಬಿಯ ಮೇಲೆ 'ಔಷಧಿಯಾಗಿ ಬಳಸುವಂತಿಲ್ಲ' ಎಂದು ಇಂಗ್ಲಿಷಿನಲ್ಲಿ ಇತ್ತು ಕೂಡ, ಸಣ್ಣ ಅಕ್ಷರದಲ್ಲಿ.

ಹೀಗಾಗಿ ಕ್ಯಾಪ್ಸೂಲ್ ಹೊರಗೆ ಬಂದಿದ್ದು ನನ್ನ ಟೇಬಲ್ಲಿನಲ್ಲಿ, ಊಟದ ಲೆಕ್ಕ ಬರೆದುಕೊಳ್ಳುವಾಗ. ನಾನು ಕೇಳುವ ಪ್ರಶ್ನೆ ಬೇರೆ. ನಿನ್ನೆ ಬೆಳಿಗ್ಗೆ ಎದ್ದ ಮೇಲೆ ರಾತ್ರಿ ಮಲಗುವವರೆಗೆ ಬಾಯಿಗೆ ಹಾಕಿದ್ದೆಲ್ಲ ಹೇಳಿ, ನೀರನ್ನೂ ಬಿಡಬೇಡಿ. ಅವರು ಹೇಳುತ್ತಾ ಹೋದರು. ಬಿಸಿನೀರು, ಥೈರಾಯ್ಡ್ ಮಾತ್ರೆ, ಕೊತ್ತಂಬರಿ ಜೀರಿಗೆ ಕಷಾಯ, ಉಪ್ಪಾಗೆ ಎರಡು, ಆಮೇಲೆ ತೆಳ್ಳೇವು. "ಉಪ್ಪಾಗೆ ಎರಡು ಅಂದ್ರೆ?" ಎಂದು ಕೇಳಿದೆ. ಅವರು ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

ಕಷಾಯಕ್ಕೆ ಅಮೃತಬಳ್ಳಿ ಹಾಕುತ್ತೀರಾ ಎಂದೂ ಕೇಳಿದ್ದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ತೊಂದರೆ ಕಂಡಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಇವರು ಹಾಕುತ್ತಿರಲಿಲ್ಲ.

ಗಾರ್ಸಿನಿಯಾ ಮತ್ತು ಲಿವರ್ ಎಂದ ಕೂಡಲೇ ಡಾಕ್ಟ್ರಿಗೆ ಅನುಮಾನ ಬಂದದ್ದು ಸುಮ್ನೆ ಅಲ್ಲ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನಗಳ ಬಗ್ಗೆ ಎಚ್ಚರಿಸಿತ್ತು. ಆಗ 23 ಗಂಭೀರ ವರದಿಗಳಿದ್ದವು, ಒಂದು ಸಾವೂ ಸೇರಿ. ಅದರಲ್ಲಿ ಹಲವು ಪದಾರ್ಥಗಳಿದ್ದಿದ್ದರಿಂದ ಗಾರ್ಸಿನಿಯಾ ಒಂದರ ತಲೆಗೇ ಕಟ್ಟಲು ಆಗಲಿಲ್ಲ. ಆಮೇಲೆ ಅಮೆರಿಕದ ಔಷಧಜನ್ಯ ಲಿವರ್ ಹಾನಿ ಅಧ್ಯಯನ ಜಾಲದವರು 22 ಗಾರ್ಸಿನಿಯಾ ಪ್ರಕರಣಗಳನ್ನು ಬಿಡಿಸಿ ನೋಡಿದರು. ಐದು ಮಂದಿ ಗಾರ್ಸಿನಿಯಾ ಒಂದನ್ನೇ ತಿಂದವರು, ಹದಿನಾರು ಮಂದಿ ಹಸಿರು ಚಹಾದ ಸಾರದ ಜೊತೆಗೆ ತಿಂದವರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ವಂಶವಾಹಿ ರೂಪ ಇತ್ತು. ಹಸಿರು ಚಹಾದ ಸಾರದಿಂದ ಲಿವರ್ ಕೆಟ್ಟವರಲ್ಲೂ ಅದೇ ರೂಪ ಜಾಸ್ತಿ ಕಾಣುತ್ತದೆ.

ಏನು ಮಾಡಿದೆವು

ಕ್ಯಾಪ್ಸೂಲ್ ಅವತ್ತೇ ನಿಂತಿತು. ಅದಷ್ಟಕ್ಕೇ ಬಿಡಲಿಲ್ಲ. ನಮ್ಮಲ್ಲಿ ನೀರಿನಿಂದ ಬರುವ ಕಾಮಾಲೆ ಸಾಮಾನ್ಯ, ಹಾಗಾಗಿ ಹೆಪಟೈಟಿಸ್ ಎ ಮತ್ತು ಇ ನೋಡದೆ ಗಿಡಮೂಲಿಕೆಯನ್ನು ಬಯ್ಯುವುದು ತಪ್ಪು. ಜೊತೆಗೆ ಬಿ, ಸಿ, ಆಟೊಇಮ್ಯೂನ್ (ಮೈಯ ರೋಗನಿರೋಧಕ ಶಕ್ತಿಯೇ ಲಿವರನ್ನು ಹೊಡೆಯುವ ಕಾಯಿಲೆಯ) ಪರೀಕ್ಷೆ, ಪಿತ್ತಕೋಶದ ಕಲ್ಲಿಗೆ ಸ್ಕ್ಯಾನಿಂಗ್. ಎಲ್ಲ ನೆಗೆಟಿವ್. ವಂಶವಾಹಿ ಪರೀಕ್ಷೆ ಮಾಡಿಸಲಿಲ್ಲ, ಉತ್ತರ ಏನೇ ಬಂದರೂ ಮಾಡುವ ಕೆಲಸ ಅದೇ ಆಗಿತ್ತು. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಒಂದು ರಾತ್ರಿಯೂ ಕಾಯದೆ ಬನ್ನಿ ಎಂದು ಡಾಕ್ಟ್ರು ಅವರ ಗಂಡನನ್ನು ಕೂರಿಸಿಕೊಂಡು ಹೇಳಿದರು. ಎಸ್‌ಜಿಪಿಟಿ ಏರಿದ್ದರ ಜೊತೆಗೆ ಕಾಮಾಲೆಯೂ ಬಂದರೆ ಸುಮಾರು ಹತ್ತರಲ್ಲಿ ಒಬ್ಬರ ಪರಿಸ್ಥಿತಿ ಕೈಮೀರಬಹುದು. ಅದಕ್ಕೇ ಈ ಎಚ್ಚರಿಕೆ.

ಎಸ್‌ಜಿಪಿಟಿ ವಾರದ ನಂತರ 231. ಮೂರನೇ ವಾರ 118. ಎಂಟನೇ ವಾರ 36, ಅಂದರೆ ಕ್ಯಾಪ್ಸೂಲ್ ಶುರು ಮಾಡುವ ಮೊದಲು ಇದ್ದದ್ದಕ್ಕಿಂತಲೂ ಕಡಿಮೆ. ಹಸಿವು ಎರಡೇ ವಾರದಲ್ಲಿ ಮರಳಿತು.

ಕಷ್ಟವಾಗಿದ್ದು ಲಿವರ್ ಅಲ್ಲ, ಹಸಿವು ಮರಳಿದಾಗ ಬಂದ ಭಯ. "ಮೇಡಂ, ನಿಲ್ಲಿಸಿದ್ರೆ ಎಲ್ಲ ವಾಪಸ್ ಬರುತ್ತೆ. ಇಪ್ಪತ್ತು ವರ್ಷದಲ್ಲಿ ಆಗದ್ದು ಇದರಲ್ಲಿ ಆಯ್ತು. ಅರ್ಧ ಡೋಸ್ ತಗೊಳ್ಲಾ?" ಲಿವರ್ ನೋಯಿಸಿದ ಪದಾರ್ಥವನ್ನು ಮತ್ತೆ ಕೊಟ್ಟರೆ ಎರಡನೇ ಸಲ ಪೆಟ್ಟು ಬೇಗ ಬರಬಹುದು, ಜೋರಾಗಿಯೂ ಬರಬಹುದು. ಇಂಥ ಪೆಟ್ಟು ಡೋಸ್ ನೋಡಿಕೊಂಡೇ ಬರಬೇಕೆಂದಿಲ್ಲ, ಹಾಗಾಗಿ ಅರ್ಧಕ್ಕೆ ಅರ್ಧ ಅಪಾಯ ಎಂಬ ಲೆಕ್ಕ ನಡೆಯುವುದಿಲ್ಲ. ಇದನ್ನೆಲ್ಲ ಹೇಳಿದೆ. ತಲೆಯಾಡಿಸಿದರು, ಒಪ್ಪಲಿಲ್ಲ. ಹೆದರಿಸಿದರೆ ಇವರು ನನ್ನ ಮುಂದೆ ಹೂಂ ಅಂದು ಮನೆಗೆ ಹೋಗಿ ನುಂಗುತ್ತಾರೆ ಎಂದು ಅನ್ನಿಸಿತು.

ಹಾಗಾಗಿ ಆ ಡಯಟ್ ಚಾರ್ಟ್ ತರಿಸಿದೆ. ಇಬ್ಬರೂ ಕೂತು ಹಾಳೆಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು. 3.6 ಕಿಲೋ ಕೊಬ್ಬೆಂದೇ ಹಿಡಿದರೆ, ಕಿಲೋಗೆ ಸುಮಾರು 7700 ಕ್ಯಾಲೊರಿಯಂತೆ, 12 ವಾರಕ್ಕೆ ಹಂಚಿದರೆ ದಿನಕ್ಕೆ 330 ಕ್ಯಾಲೊರಿ. ಮೊದಲು ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚ ಅಂದರೆ 130 ಕ್ಯಾಲೊರಿ ಅಲ್ಲಿಗೇ ಹೋಯಿತು. ಆಫೀಸಿನ ಸಂಜೆಯ ಪಫ್ಸ್ ಅಥವಾ ಖಾರಾ ಬನ್, ಕಡಿಮೆ ಎಂದರೂ 200. ಇಷ್ಟಕ್ಕೇ 330 ಮುಟ್ಟಿತು. ರಾತ್ರಿಯ ಅರ್ಧ ಅನ್ನ, ಅರ್ಧ ಗಂಟೆಯ ನಡಿಗೆ ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ.

"ಹಾಗಾದ್ರೆ ಕ್ಯಾಪ್ಸೂಲ್ ಏನು ಮಾಡ್ತು?" ಎಂದು ಅವರೇ ಕೇಳಿದರು. ಉತ್ತರ ನಾನು ಹೇಳಲಿಲ್ಲ. ಚಾರ್ಟನ್ನು ಹಾಗೇ ಪಾಲಿಸಿ, ಡಬ್ಬಿ ಮಾತ್ರ ಇಲ್ಲ, ಎಂಟು ವಾರ ನೋಡೋಣ ಅಂದೆ. ಚಾರ್ಟ್ ಒಳ್ಳೆಯದೇ ಇತ್ತು, ನಿಜ ಹೇಳಬೇಕೆಂದರೆ. ನಾನು ಸೇರಿಸಿದ್ದು ಮಧ್ಯಾಹ್ನಕ್ಕೆ ಒಂದು ಸೌಟು ಹೆಚ್ಚು ಬೇಳೆ ಅಥವಾ ಹೆಸರುಕಾಳಿನ ಪಲ್ಯ, ಅಷ್ಟೇ.

ಎಂಟು ವಾರದಲ್ಲಿ 1.9 ಕಿಲೋ ಇಳಿಯಿತು. ಮೊದಲು ವಾರಕ್ಕೆ 300 ಗ್ರಾಂ ಇಳಿಯುತ್ತಿತ್ತು, ಈಗ 240 ಗ್ರಾಂ ಆಸುಪಾಸು. ಆ 60 ಗ್ರಾಂ ಕ್ಯಾಪ್ಸೂಲಿನದ್ದು ಎಂದು ಯಾರಾದರೂ ವಾದಿಸಬಹುದು. ತೂಕ ಕಡಿಮೆಯಾದಂತೆ ಇಳಿತ ನಿಧಾನವಾಗುವುದು ಸಹಜ, ಮೇಲಾಗಿ ಕ್ಯಾಪ್ಸೂಲಿನ ಕೊನೆಯ ಮೂರು ವಾರ ಅವರು ಹೊಟ್ಟೆ ತೊಳಸಿ ಸರಿಯಾಗಿ ಉಂಡೇ ಇರಲಿಲ್ಲ. ಒಬ್ಬರ ತೂಕದಿಂದ ಇದಕ್ಕಿಂತ ಹೆಚ್ಚು ಹೇಳಲು ಹೋಗಬಾರದು.

ಇದರಿಂದ ನಮ್ಮಲ್ಲಿ ಬದಲಾಗಿದ್ದು

ಮೂರು ಪದಾರ್ಥಗಳಲ್ಲಿ ಯಾವುದು ಮಾಡಿತು ಎಂದು ಕೇಳಿದರೆ ನಿಖರವಾಗಿ ಹೇಳಲು ಬರುವುದಿಲ್ಲ. ಹಸಿರು ಚಹಾದ ಸಾರದ ಮೇಲೂ ಅಷ್ಟೇ ಅನುಮಾನ ಇದೆ. ಅದರ ಮುಖ್ಯ ಅಂಶ ಇಜಿಸಿಜಿ. ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಇಜಿಸಿಜಿ ಇರುವ ಪೂರಕಗಳಿಂದ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ, ಅದಕ್ಕಿಂತ ಕಡಿಮೆಯಾದರೆ ಸುರಕ್ಷಿತ ಎಂಬ ಗೆರೆಯನ್ನು ಮಾತ್ರ ಎಳೆದಿಲ್ಲ. ಲಾಭದ ಕಡೆ ನೋಡಿದರೆ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆಯಲ್ಲಿ, ಜಪಾನಿನ ಹೊರಗೆ ನಡೆದ ಪ್ರಯೋಗಗಳಲ್ಲಿ ಹಸಿರು ಚಹಾದಿಂದ ಸಿಕ್ಕ ತೂಕದ ವ್ಯತ್ಯಾಸ 0.04 ಕಿಲೋ. ನಲವತ್ತು ಗ್ರಾಂ. ಗಿಡದ ಅಂಶಗಳು ಮೈಯ ಚಯಾಪಚಯ ಮುಟ್ಟುವುದೇ ಇಲ್ಲ ಅಂತಲ್ಲ. 100 ಮಿಲಿಗ್ರಾಂ ಕೆಫೀನ್ ಕೂಡ ಎರಡು ಗಂಟೆ ಮೇಲ್ಪಟ್ಟು ಶೇಕಡಾ 3–4ರಷ್ಟು ಹೆಚ್ಚು ಶಕ್ತಿ ಖರ್ಚು ಮಾಡಿಸುತ್ತದೆ. ಅದು ನಿಜ, ಸೊಂಟದ ಅಳತೆ ಬದಲಿಸಲು ಸಾಲದು, ಅಷ್ಟೇ.

ನಮ್ಮ ಕ್ಲಿನಿಕ್ಕಿನ ಫಾರಂನಲ್ಲಿ 'ಔಷಧಿಗಳು' ಎಂಬ ಸಾಲಿನ ಕೆಳಗೆ ಈಗ ಇನ್ನೊಂದು ಸಾಲಿದೆ: ಕಷಾಯ, ಪುಡಿ, ಶೇಕ್, ಕ್ಯಾಪ್ಸೂಲ್, ಯಾರು ಕೊಟ್ಟಿದ್ದಾದರೂ. ಡಬ್ಬಿಯನ್ನೇ ತರಲು ಹೇಳುತ್ತೇವೆ, ಹೆಸರು ಸಾಲದು. ಖಿನ್ನತೆಯ ಮಾತ್ರೆ ತಗೊಳ್ಳುವವರಿಗೆ ಗಾರ್ಸಿನಿಯಾ ಬಗ್ಗೆ ಪ್ರತ್ಯೇಕವಾಗಿ ಕೇಳುತ್ತೇವೆ, ಆ ಜೋಡಿಯಿಂದ ಮಿದುಳಿನ ರಾಸಾಯನಿಕವಾದ ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಹೆಚ್ಚಾದ ಪ್ರಕರಣ ವರದಿಯಾಗಿದೆ. ಇಂಥ ಅನುಮಾನ ಬಂದರೆ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ತಿಳಿಸಬಹುದು. ಟೋಲ್ ಫ್ರೀ ಸಂಖ್ಯೆ 1800-180-3024, ರೋಗಿಯೇ ಫೋನ್ ಮಾಡಬಹುದು. ನಾವು ಫಾರಂ ತುಂಬಿ ಕಳಿಸಿದೆವು.

ಓರಗಿತ್ತಿಯ ವಿಷಯ ಬಾಕಿ ಇದೆ. ಅವರಿಗೆ ಹೇಳುವುದೇ ಈಕೆಗೆ ದೊಡ್ಡ ಸಂಕಟವಾಗಿತ್ತು. ದೀಪಾವಳಿಗೆ ಒಂದೇ ಪಂಕ್ತಿಯಲ್ಲಿ ಕೂರಬೇಕಾದವರು. ಕೊನೆಗೆ ವರದಿಗಳನ್ನು ತೋರಿಸಿ, ನೀವೂ ಒಮ್ಮೆ ರಕ್ತ ಕೊಟ್ಟು ಬನ್ನಿ ಅಂತ ಮಾತ್ರ ಹೇಳಿದರಂತೆ. ಅವರು ಬಂದರು. ಎರಡು ವರ್ಷದಿಂದ ಅದೇ ಕ್ಯಾಪ್ಸೂಲ್ ತಿನ್ನುತ್ತಿರುವವರು, ಎಸ್‌ಜಿಪಿಟಿ 22. "ನೋಡಿ, ನನಗೇನೂ ಆಗಿಲ್ಲ ಅಲ್ವಾ" ಅಂದರು. ಆಗಿಲ್ಲ, ಹೌದು. ತಿನ್ನುವವರಲ್ಲಿ ಬಹುಪಾಲು ಜನರಿಗೆ ಆಗುವುದಿಲ್ಲ, ಅದಕ್ಕೇ ಒಬ್ಬರ ಅನುಭವ ಇನ್ನೊಬ್ಬರಿಗೆ ಗ್ಯಾರಂಟಿ ಆಗುವುದೂ ಇಲ್ಲ. ಅವರು ಈಗಲೂ ಮಾರುತ್ತಿದ್ದಾರೆ. ಹೊಸಬರಿಗೆ ಕೊಡುವ ಮುಂಚೆ ಲಿವರ್ ಟೆಸ್ಟ್ ಮಾಡಿಸಿಕೊಂಡು ಬಾ ಅನ್ನುತ್ತಾರಂತೆ, ಹಸಿವು ಹೋಯಿತು ಎಂದು ಯಾರಾದರೂ ಫೋನ್ ಮಾಡಿದರೆ ನಿಲ್ಲಿಸು ಅನ್ನುತ್ತಾರಂತೆ.